ಕೋಲಾರದ ಟೊಮೆಟೊ, ಇಂದೋರಿನ ಬಸ್ಸು

ನಾನಿರುವ ಇಂದೋರಿನಲ್ಲಿ ಮನೆಯ ಹಸಿ ಕಸದ ಗ್ಯಾಸಿನಿಂದ ಸಿಟಿ ಬಸ್ಸು ಓಡುತ್ತದೆ. 2022ರ ಫೆಬ್ರವರಿಯಲ್ಲಿ ಶುರುವಾದ ಇಲ್ಲಿನ ಘಟಕ ದಿನಕ್ಕೆ 550 ಟನ್ ಕಸ ಅರಗಿಸುವಷ್ಟು ದೊಡ್ಡದು. ಆ ಬಸ್ಸು ಹತ್ತಿದಾಗಲೆಲ್ಲ ನಮ್ಮ ಕೋಲಾರದ ರಸ್ತೆ ಬದಿ ನೆನಪಾಗುತ್ತದೆ. ರೇಟು ಬಿದ್ದ ವಾರ 15 ಕೆಜಿ ಬಾಕ್ಸಿಗೆ ಗಾಡಿ ಬಾಡಿಗೆಯೂ ಹುಟ್ಟುವುದಿಲ್ಲ. ಟೊಮೆಟೊ ಅಲ್ಲೇ ಸುರಿದು ಹೋಗುತ್ತಾರೆ. ಎರಡು ದಿನಕ್ಕೆ ಕೆಂಪು ನೀರು, ಹುಳಿ ವಾಸನೆ, ನೊಣ. ನೋಡಿದರೆ ಹೊಟ್ಟೆ ಉರಿಯುತ್ತದೆ.

ಈ ಟೊಮೆಟೊದಿಂದಲೂ ಗ್ಯಾಸ್ ಮಾಡಬಹುದು. ಹಾಗಂತ ಸುಮ್ನೆ ತೊಟ್ಟಿಗೆ ಟೊಮೆಟೊ ತುಂಬಿದರೆ ಆಗದು. ನನ್ನ ಸೋದರಮಾವ ಒಮ್ಮೆ ಗೊಬ್ಬರ ಗ್ಯಾಸಿನ ಗುಂಡಿಗೆ ಆರು ಬಾಕ್ಸ್ ಕೊಳೆತ ಹಣ್ಣು ಸುರಿದರು. ನಾಲ್ಕನೇ ದಿನ ಗುಂಡಿಯಲ್ಲಿ ಗುಳ್ಳೆ ಏಳುತ್ತಲೇ ಇತ್ತು, ಒಲೆ ಮಾತ್ರ ಹತ್ತಲಿಲ್ಲ. ಒಳಗೆ ಕೆಲಸ ಮಾಡುವುದು ಒಂದೇ ಜಾತಿಯ ಸೂಕ್ಷ್ಮಜೀವಿಯಲ್ಲ. ಒಂದು ಗುಂಪು ಹಣ್ಣನ್ನು ಒಡೆಯುತ್ತದೆ, ಇನ್ನೊಂದು ಅದನ್ನು ಆಮ್ಲ ಮಾಡುತ್ತದೆ, ಕೊನೆಯದು ಒಲೆ ಉರಿಸುವ ಮೀಥೇನ್ ಗ್ಯಾಸ್ ಕೊಡುತ್ತದೆ. ಮೊದಲಿನವು ಚುರುಕು. ಕೊನೆಯದು ನಿಧಾನ, ಹುಳಿ ಜಾಸ್ತಿಯಾದರೆ ಸೋತುಬಿಡುತ್ತದೆ. ಟೊಮೆಟೊ ಮೊದಲೇ ಹುಳಿ, ಅಲ್ವಾ? ಮಾವ ಹಣ್ಣು ನಿಲ್ಲಿಸಿ ದಿನಾ ಸಗಣಿ ಬಗ್ಗಡ ಹಾಕಿದರು. ಮೂರು ವಾರಕ್ಕೆ ನೀಲಿ ಉರಿ ಮರಳಿತು. ಸಗಣಿ ಹೆಪ್ಪೂ ಹೌದು, ಹುಳಿ ತಡೆಯುವ ಮದ್ದೂ ಹೌದು.

ಇಂದೋರಿನ ಗೆಲುವಿಗೆ ಯಂತ್ರಕ್ಕಿಂತ ದೊಡ್ಡ ಕಾರಣ ಮನೆ ಬಾಗಿಲಲ್ಲೇ ಹಸಿ ಕಸ ಬೇರೆ ಮಾಡುವ ರೂಢಿ. ಅದಕ್ಕೆ ವರ್ಷಗಟ್ಟಲೆ ಹೆಣಗಿದ್ದಾರೆ. ನಮ್ಮ ಮಂಡಿಯಲ್ಲಿ ಆ ಕಷ್ಟವೇ ಇಲ್ಲ, ಟೊಮೆಟೊ ಬರುವುದೇ ಬೇರೆಯಾಗಿ. ಸುತ್ತಲ ಹಳ್ಳಿಗಳಲ್ಲಿ ಹಾಲು ಕರೆಯುವ ಮನೆಗಳು, ಸಗಣಿಗೇನು ಕೊರತೆ? ಎರಡನ್ನೂ ಒಂದೇ ತೊಟ್ಟಿಗೆ ತರುವವರಿಲ್ಲ, ಅಷ್ಟೆ.

ಗ್ಯಾಸಿಗೇ ನಿಲ್ಲಬೇಕೆಂದೂ ಇಲ್ಲ. ಆಮ್ಲದ ಹಂತದಲ್ಲೇ ತಡೆದರೆ ರಾಸಾಯನಿಕ ಉದ್ಯಮಕ್ಕೆ ಬೇಕಾದ ಅಸಿಟಿಕ್, ಬ್ಯುಟಿರಿಕ್ ಆಮ್ಲ ಸಿಗುತ್ತವೆ. ಅದನ್ನೇ ತಿಂದು ಮೈಯೊಳಗೆ ಪ್ಲಾಸ್ಟಿಕ್ ಕೂಡಿಡುವ ಬ್ಯಾಕ್ಟೀರಿಯಾಗಳೂ ಇವೆ. ಆ ಪ್ಲಾಸ್ಟಿಕ್ ಮಣ್ಣಲ್ಲಿ ಕರಗುತ್ತದೆ. ದೋಸೆ ಹಿಟ್ಟಿನಂತೆ ಬೆರಕೆ ಜೀವಿಗಳೇ ಸಾಕು, ಎಲ್ಲವನ್ನೂ ಕುದಿಸಿ ಶುದ್ಧ ಮಾಡುವ ಖರ್ಚಿಲ್ಲ. ಆದರೂ ಪೆಟ್ರೋಲಿನ ಪ್ಲಾಸ್ಟಿಕ್ಕಿಗಿಂತ ಇನ್ನೂ ದುಬಾರಿ, ನಿಜ. ಕಳೆ ಬಾರದಂತೆ ಟೊಮೆಟೊ ಸಾಲಿಗೆ ಹಾಸುವ ಪ್ಲಾಸ್ಟಿಕ್ ಮಲ್ಚಿಂಗ್ ಶೀಟು ಟೊಮೆಟೊದಿಂದಲೇ ಬರಲಿ ಎಂಬುದು ನನ್ನ ಆಸೆ.

ಸದ್ಯಕ್ಕೆ ಗ್ಯಾಸೇ ಸಾಕು. ಮುಂದಿನ ಸಲ ರೇಟು ಬೀಳುವ ಮೊದಲೇ ಮಂಡಿ ಪಕ್ಕ ತೊಟ್ಟಿ ಏಳಲಿ, ಸಗಣಿ ಕೊಡುವ ಹಳ್ಳಿಗಳು ಗೊತ್ತಾಗಲಿ. ಅಷ್ಟು ದೊಡ್ಡ ತೊಟ್ಟಿಗೆ ಹೆಪ್ಪು ಕೂರುವುದಕ್ಕೇ ತಿಂಗಳು ಬೇಕು.