ಎಷ್ಟು ಸ್ಪೀಡ್ ಹೋಗುತ್ತೆ ಸಾರ್?

ನಿನ್ನೆ ಸಂಜೆ ನಮ್ಮ ಬೀದಿಯ ಖಾಲಿ ಸೈಟಿನಲ್ಲಿ ಒಂದು ಮಾನ್‌ಸ್ಟರ್ ಟ್ರಕ್ ಸತ್ತುಹೋಯಿತು. ವಯಸ್ಸು ಹನ್ನೊಂದು ನಿಮಿಷ.

ಎದುರು ಮನೆಯವರ ಭಾಮೈದ ಅಮೆರಿಕದಿಂದ ತಂದಿದ್ದು. ರಿಮೋಟಿನದು, ದಪ್ಪ ಚಕ್ರದ ಎತ್ತರದ ಆಟಿಕೆ ಟ್ರಕ್. ದೊಡ್ಡ ಸೈಜು, ಬ್ರಶ್‌ಲೆಸ್ ಅನ್ನುವ ಹೊಸ ಕಾಲದ ಜೋರು ಮೋಟರ್, 3ಎಸ್ ಅಂದರೆ ಮೂರು ಸೆಲ್ಲಿನ ಬ್ಯಾಟರಿ. ಬೀದಿಯಲ್ಲಿ ಈ ಹುಚ್ಚು ಇರುವವನು ನಾನೊಬ್ಬನೇ ಅಂತ ನಿಮಗೆಲ್ಲ ಗೊತ್ತು. ಹಾಗಾಗಿ ನನ್ನನ್ನೂ ಕರೆದರು. ಕರೆದರು ಅಷ್ಟೇ, ಏನೂ ಕೇಳಲಿಲ್ಲ. ಡಬ್ಬ ತೆರೆದು ಮಗನ ಕೈಗೆ ರಿಮೋಟ್ ಕೊಟ್ಟು "ಫುಲ್ ಕೊಡೋ" ಅಂದರು. ಕೊಟ್ಟ. ಜಲ್ಲಿ ರಾಶಿ ಹತ್ತಿ ಹಾರಿತು, ಎಲ್ಲರೂ ಚಪ್ಪಾಳೆ ಹೊಡೆದರು. ಮೂರನೇ ಸಲ ನೆಟ್ಟಗೆ ಹೋಗಿ ಚರಂಡಿ ಚಪ್ಪಡಿಗೆ ಗುದ್ದಿತು. ಮುಂದಿನ ಬಲಚಕ್ರ ತೊಟ್ಟು ಸಡಿಲವಾದ ಮಾವಿನಕಾಯಿ ಥರ ಜೋತುಬಿತ್ತು.

ಅಲ್ಲಿದ್ದ ಏಳೆಂಟು ಜನ ಕೇಳಿದ ಪ್ರಶ್ನೆ ಒಂದೇ. "ಎಷ್ಟು ಸ್ಪೀಡ್ ಹೋಗುತ್ತೆ?" ಮುರಿದ ಮೇಲೂ ಒಬ್ಬರು ಕೇಳಿದರು!

ಈ ಪ್ರಶ್ನೆ ಕೇಳಿ ಕೇಳಿ ನನಗೆ ಸಾಕಾಗಿದೆ. ಸ್ವಲ್ಪ ಲೆಕ್ಕ ಹಾಕೋಣ. ಟ್ರಕ್ಸಾಸ್ ಕಂಪನಿಯ ಎಕ್ಸ್-ಮ್ಯಾಕ್ಸ್ ಅಂತ ಒಂದು ದೈತ್ಯ ರಿಮೋಟ್ ಟ್ರಕ್ ಇದೆ. ತೂಕ ಎಂಟೂವರೆ ಕೆಜಿಗೂ ಜಾಸ್ತಿ, ವೇಗ ಗಂಟೆಗೆ 80 ಕಿ.ಮೀ. ಮುಟ್ಟುತ್ತದೆ. ಅಂದರೆ ಸೆಕೆಂಡಿಗೆ 22 ಮೀಟರ್. ನಮ್ಮ ಸೈಟು 30x40. ಉದ್ದ 40 ಅಡಿ ಅಂದರೆ 12 ಮೀಟರ್. ಅರ್ಧ ಸೆಕೆಂಡಿಗಿಂತ ಚೂರು ಹೆಚ್ಚು ಕಳೆಯುವಷ್ಟರಲ್ಲಿ ಅದು ಪಕ್ಕದ ಮನೆಯ ಕಾಂಪೌಂಡಿನಲ್ಲಿರುತ್ತದೆ. ಅಥವಾ ಯಾವುದೋ ಮಗುವಿನ ಮೊಣಕಾಲಿನಲ್ಲಿ. ಎಂಟೂವರೆ ಕೆಜಿ ರೀ, ಅಕ್ಕಿ ಚೀಲವನ್ನು ಸ್ಕೂಟರಿನ ವೇಗದಲ್ಲಿ ಎಸೆದ ಹಾಗೆ.

"ಸ್ಪೀಡ್ ಇಲ್ಲದಿದ್ದರೆ ಮಜಾ ಏನು ಸಾರ್?" ಅಂತ ಕಾಮೆಂಟ್ ಹಾಕುವವರಿದ್ದೀರಿ, ಯಾರ್ಯಾರು ಅಂತಲೂ ಗೊತ್ತು. ಸರಿ, ಸ್ಪೀಡೇ ಬೇಕಾ? ನೆಲಕ್ಕೆ ಅಂಟಿಕೊಂಡು ಓಡುವ ರಿಮೋಟ್ ಕಾರು ತಗೊಳ್ಳಿ, ನುಣ್ಣನೆಯ ಟ್ರ್ಯಾಕ್ ಹುಡುಕಿ. ಸಿಕ್ಕರೆ ನನಗೂ ಹೇಳಿ. ಮಾನ್‌ಸ್ಟರ್ ಟ್ರಕ್ ಹುಟ್ಟಿದ್ದೇ ಬೇರೆ ಕೆಲಸಕ್ಕೆ. ಅಮೆರಿಕದ ಸೇಂಟ್ ಲೂಯಿಸ್ ಕಡೆಯ ಬಾಬ್ ಚಾಂಡ್ಲರ್ 1981ರಲ್ಲಿ ತಮ್ಮ ಬಿಗ್‌ಫುಟ್ ಅನ್ನುವ ನಿಜವಾದ ದೊಡ್ಡ ಟ್ರಕ್ಕನ್ನು ಹೊಲವೊಂದರಲ್ಲಿ ಎರಡು ಗುಜರಿ ಕಾರುಗಳ ಮೇಲೆ ಹತ್ತಿಸಿದರು. ಜನ ಬೆರಗಾಗಿದ್ದು ಹತ್ತಿದ್ದಕ್ಕೆ, ಓಡಿದ್ದಕ್ಕಲ್ಲ. 1987ರಲ್ಲಿ ಜಪಾನಿನ ತಮಿಯಾ ಕಂಪನಿ ತಂದ ರಿಮೋಟ್ ಟ್ರಕ್ ಕ್ಲಾಡ್ ಬಸ್ಟರ್‌ಗೆ ಎರಡು ಮೋಟರ್, ನಾಲ್ಕೂ ಚಕ್ರ ತಿರುಗಿಸುವ ಸ್ಟೀರಿಂಗ್. ಆಮೆ ಅದು. ಇವತ್ತಿಗೂ ಅದನ್ನು ಕಂಡರೆ ಜೀವ ಬಿಡುವವರಿದ್ದಾರೆ. ನಾನೂ ಒಬ್ಬ.

ಜಲ್ಲಿ, ಹಂಪು, ಮೊಣಕಾಲುದ್ದ ಪಾರ್ಥೇನಿಯಂ, ಅರ್ಧ ಅಗೆದ ಪೈಪ್‌ಲೈನ್. ನಮ್ಮ ಬಡಾವಣೆಯನ್ನು ಮಾನ್‌ಸ್ಟರ್ ಟ್ರಕ್ಕಿಗೆಂದೇ ಕಟ್ಟಿದ್ದಾರೆ ಅಂತ ನನಗೆ ಎಷ್ಟೋ ಸಲ ಅನಿಸಿದೆ. ದಪ್ಪ ಟೈರು, ಎತ್ತರದ ಹೊಟ್ಟೆ ಇರುವುದೇ ಇದಕ್ಕೆ. ಆದರೆ ಎತ್ತರ ಇರುವುದರಿಂದ ಜೋರಾಗಿ ತಿರುಗಿಸಿದರೆ ಪಲ್ಟಿ. ಹಾರಿದಾಗ ಗಾಳಿಯಲ್ಲೇ ಥ್ರಾಟಲ್ ಹಿಡಿದಿದ್ದರೆ, ಗಿರ್ರನೆ ತಿರುಗುವ ಚಕ್ರ ನೆಲ ಮುಟ್ಟಿದ ಕ್ಷಣ ಆ ಏಟೆಲ್ಲ ಗೇರಿಗೂ ಶಾಫ್ಟಿಗೂ ಬೀಳುತ್ತದೆ. ಒಟ್ಟಿನಲ್ಲಿ ಮುರಿಯುತ್ತದೆ. ಯಾವ ಟ್ರಕ್ ಆದರೂ ಮುರಿಯುತ್ತದೆ. ಕೊಳ್ಳುವ ಮುಂಚೆ ಕೇಳಬೇಕಾದ್ದು ಅದನ್ನು. ಮುರಿದರೆ ಪಾರ್ಟು ಎಲ್ಲಿ ಸಿಗುತ್ತೆ? ನಾನೇ ಹಾಕಬಹುದಾ?

ನಿನ್ನೆ ಮುರಿದಿದ್ದು ಎ-ಆರ್ಮ್, ಚಕ್ರವನ್ನು ಹಿಡಿದಿಡುವ ಪ್ಲಾಸ್ಟಿಕ್ ತುಂಡು. ನಾಲ್ಕೈದು ಸ್ಕ್ರೂ ಬಿಚ್ಚಿದರೆ ಕಾಲು ಗಂಟೆಯ ಕೆಲಸ. ಗೊತ್ತಿರುವ ಎರಡು ಅಂಗಡಿಗೆ ಫೋನ್ ಮಾಡಿದೆ. ಆ ಮಾಡೆಲ್ಲೇ ಇಟ್ಟಿಲ್ಲವಂತೆ. ತರಿಸಿದರೆ ಪಾರ್ಟಿಗಿಂತ ಕೊರಿಯರ್ ದುಬಾರಿ. ಇಡೀ ಟ್ರಕ್ ತರಿಸುವ ಮಾತಂತೂ ಬೇಡ. ಆಟಿಕೆಗಳ ಆಮದು ಸುಂಕ 2020ರಲ್ಲಿ ಶೇ. 20ರಿಂದ 60ಕ್ಕೆ ಹೋಯಿತು, 2023ರಲ್ಲಿ 70 ಆಯಿತು. ಬರೆದಿಟ್ಟುಕೊಳ್ಳಿ, ಆ ಟ್ರಕ್ ಇನ್ನೊಂದು ವಾರದಲ್ಲಿ ಶೋಕೇಸ್ ಸೇರುತ್ತದೆ, ಚನ್ನಪಟ್ಟಣದ ಗೊಂಬೆಯ ಪಕ್ಕ.

ಈಗ ತಪ್ಪೊಪ್ಪಿಗೆ. ನನ್ನ ಮೊದಲ ಟ್ರಕ್ಕನ್ನು ನಾನೂ ಡಬ್ಬದ ಮೇಲಿನ ಸ್ಪೀಡ್ ನಂಬರ್ ನೋಡಿಯೇ ತಗೊಂಡಿದ್ದೆ. ಮನೆಯಲ್ಲಿ ಅರ್ಧ ಬೆಲೆ ಹೇಳಿದ್ದೆ. (ಇದನ್ನು ಓದುತ್ತಿದ್ದರೆ, ಕ್ಷಮಿಸು ಮಾರಾಯ್ತಿ.) ಎರಡನೇ ಭಾನುವಾರ ಸ್ಪರ್ ಗೇರಿನ, ಅಂದರೆ ಮೋಟರಿನಿಂದ ತಿರುಗುವ ದೊಡ್ಡ ಹಲ್ಲುಚಕ್ರದ, ಹಲ್ಲು ಉದುರಿತು. ಒಂದು ಪ್ಲಾಸ್ಟಿಕ್ ಗೇರಿಗಾಗಿ ನಾಲ್ಕು ತಿಂಗಳು ಕಾದೆ. ಬಂತು, ಹಾಕಿದೆ, ಅದೇ ದಿನ ಅದೂ ಹೋಯಿತು. ಮೋಟರಿನ ತುದಿಯ ಪುಟ್ಟ ಗೇರು ಪಿನಿಯನ್ನಿಗೂ ಸ್ಪರ್ ಗೇರಿಗೂ ನಡುವೆ ಕಾಗದದ ಪಟ್ಟಿ ತೂರಿಸಿ ಮೋಟರ್ ಬಿಗಿ ಮಾಡಿ, ಆಮೇಲೆ ಕಾಗದ ಎಳೆದುಕೊಳ್ಳಬೇಕು, ಅಷ್ಟೇ ಸಂದು ಸಾಕು ಅಂತ ಆಗ ಗೊತ್ತಿರಲಿಲ್ಲ. ಲಿಪೋ (ಲಿಥಿಯಂ ಪಾಲಿಮರ್) ಬ್ಯಾಟರಿಯೂ ಒಂದನ್ನು ಕೊಂದೆ. ಸೆಲ್ 3 ವೋಲ್ಟ್‌ಗಿಂತ ಕೆಳಗಿಳಿದರೆ ಕೆಡುತ್ತದೆ, ಎತ್ತಿಡುವಾಗ 3.8ರ ಹತ್ತಿರ ಇರಬೇಕು. ನಾನು ಅದನ್ನು ಮೊಬೈಲ್ ಥರ ಚಾರ್ಜಿಗಿಟ್ಟು ಮಲಗುತ್ತಿದ್ದೆ. ಬೆಂಕಿ ಹತ್ತದಿದ್ದದ್ದು ಪುಣ್ಯ.

ಈಗಿರುವುದು 1/10 ಸೈಜಿನದು (ನಿಜದ ಟ್ರಕ್ಕಿನ ಹತ್ತನೇ ಒಂದು ಭಾಗ), ಹಿಂದಿನ ಚಕ್ರಕ್ಕೆ ಮಾತ್ರ ಪವರ್, ಹಳೇ ಕಾಲದ ಬ್ರಶ್ ಮೋಟರ್, 2ಎಸ್ ಬ್ಯಾಟರಿ. ಸುಮ್ನೆ ಓಡುತ್ತದೆ. ಯಾರೂ ಚಪ್ಪಾಳೆ ಹೊಡೆಯುವುದಿಲ್ಲ. ಆದರೆ ಅದರ ಪ್ರತಿ ಸ್ಕ್ರೂ ನನಗೆ ಗೊತ್ತು, ಬಿಡಿಭಾಗ ಒಂದು ಟಿಫಿನ್ ಡಬ್ಬಿ ತುಂಬ ಇದೆ.

ನಿನ್ನೆ ಟ್ರಕ್ ಮುರಿದ ಮೇಲೆ ಹುಡುಗನ ಅಪ್ಪ ಬೇಜಾರಾಗಿ ಒಳಗೆ ಹೋದರು. ಹುಡುಗ ಹೋಗಲಿಲ್ಲ. ಮುರಿದ ಚಕ್ರ ಹಿಡಿದುಕೊಂಡು "ಅಂಕಲ್, ಬಿಚ್ಚಿ ನೋಡೋಣ್ವಾ?" ಅಂದ. ನನಗೆ ಬೇರೆ ಕೆಲಸ ಏನಿತ್ತು? ಸ್ಕ್ರೂಡ್ರೈವರ್ ತಂದೆ, ಜಗಲಿ ಮೇಲೆ ಕೂತೆವು. ಮೂರನೇ ಸ್ಕ್ರೂ ಅವನ ಕೈಜಾರಿ ಜಲ್ಲಿಗೆ ಬಿತ್ತು. ರಾತ್ರಿ ಒಂಬತ್ತರವರೆಗೆ ಟಾರ್ಚ್ ಹಿಡಿದು ಇಬ್ಬರೂ ಹುಡುಕಿದೆವು. ಸಿಗಲಿಲ್ಲ. ಯಾರ ಮನೆಯಲ್ಲಾದರೂ ಹಳೇ ಸ್ಪೀಕರಿನ ಮ್ಯಾಗ್ನೆಟ್ ಇದ್ದರೆ ಹೇಳಿ, ಇವತ್ತು ಸಂಜೆ ಬೇಕು.