ಲೆಕ್ಕಕ್ಕುಂಟು, ಆಟಕ್ಕಿಲ್ಲ

ಅರ್ಧ ದೇಶ ಹಸಿರಾಗಿದೆ. 2025ರ ಜುಲೈನಲ್ಲಿ ದಿಲ್ಲಿಯಿಂದ ಹೊರಟ ಸುದ್ದಿ ನೆನಪಿರಬೇಕು: ವಿದ್ಯುತ್ತಿನ ಸ್ಥಾಪಿತ ಸಾಮರ್ಥ್ಯದಲ್ಲಿ ಶೇ 50ರಷ್ಟು ಪಳೆಯುಳಿಕೆಯೇತರ ಮೂಲಗಳದ್ದು, 2030ರ ಗುರಿ ಐದು ವರ್ಷ ಮೊದಲೇ ಕೈಸೇರಿತು. ಅದೇ ವರ್ಷ ಉತ್ಪಾದನೆಯಾದ ನಾಲ್ಕು ಯೂನಿಟ್‌ಗಳಲ್ಲಿ ಹೆಚ್ಚುಕಡಿಮೆ ಮೂರು ಮಾತ್ರ ಕಲ್ಲಿದ್ದಲಿನಿಂದ ಬಂದವು. ಇರಲಿ ಬಿಡಿ, ಸಂಭ್ರಮದ ಮನೆಯಲ್ಲಿ ಇಂಥ ಮಾತು ಆಡಬಾರದು.

ಸ್ಥಾಪಿತ ಸಾಮರ್ಥ್ಯ ಎಂಬುದು ಜಾತಕದಲ್ಲಿ ಬರೆದ ರಾಜಯೋಗದ ಹಾಗೆ. ಇದೆ ಅಂತ ಬರೆದಿದೆ. ಯಾವ ಹೊತ್ತಿಗೆ, ಎಷ್ಟು ಎಂದು ಕೇಳುವುದು ಅಪಶಕುನ. ಒಂದು ಮೆಗಾವ್ಯಾಟ್ ಸೌರಫಲಕ ದಿನಕ್ಕೆ ಕೊಡುವುದು ಸುಮಾರು 5,000 ಯೂನಿಟ್, ಅದೂ ಬಿಸಿಲಿದ್ದರೆ. ಶೇ 70ರ ಮಟ್ಟದಲ್ಲಿ ಓಡುವ ಕಲ್ಲಿದ್ದಲು ಘಟಕದ ಒಂದು ಮೆಗಾವ್ಯಾಟ್ ಕೊಡುವುದು 16,000ಕ್ಕೂ ಹೆಚ್ಚು. ಲೆಕ್ಕದ ಪುಸ್ತಕದಲ್ಲಿ ಇಬ್ಬರೂ ಸಮಸಮ. ಅಂದಹಾಗೆ, ಈ ಹಸಿರು ಅರ್ಧದಲ್ಲಿ ಅರವತ್ತರ ದಶಕದಲ್ಲಿ ಶುರುವಾದ ಶರಾವತಿಯೂ ಇದೆ, ಕೈಗಾದ ಅಣುಸ್ಥಾವರವೂ ಇದೆ. ಅಜ್ಜನ ಗದ್ದೆಯನ್ನೂ ಸೇರಿಸಿ ಮೊಮ್ಮಗ ತನ್ನ ಆಸ್ತಿ ಘೋಷಿಸಿಕೊಂಡ ಹಾಗೆ.

ಸೌರ, ಪವನ ವಿದ್ಯುತ್ತಿಗೆ ‘ಮಸ್ಟ್ ರನ್’ ಎಂಬ ಬಿರುದು ಬೇರೆ ಇದೆ. 2021ರ ನಿಯಮದ ಪ್ರಕಾರ ತಾಂತ್ರಿಕ ಅಡಚಣೆ ಅಥವಾ ಗ್ರಿಡ್ ಸುರಕ್ಷತೆಯ ಕಾರಣ ಬಿಟ್ಟರೆ ಅದನ್ನು ತಗ್ಗಿಸುವಂತಿಲ್ಲ. ಓಡಲೇಬೇಕು. ಆದರೆ ಮಧ್ಯಾಹ್ನ ಹನ್ನೆರಡಕ್ಕೆ ಗ್ರಿಡ್ಡಿನ ಲೆಕ್ಕ ನೋಡುವ ಲೋಡ್ ಡಿಸ್ಪ್ಯಾಚ್ ಸೆಂಟರ್‌ನಿಂದ ಫೋನ್ ಬರುತ್ತದೆ: ಸ್ವಲ್ಪ ಇಳಿಸಿ. ಸೋಲಾರ್ ಪಾರ್ಕ್ ಎದ್ದು ನಿಲ್ಲಲು ಒಂದೂವರೆ ವರ್ಷ ಸಾಕು. ಅದರ ವಿದ್ಯುತ್ ಹೊರಬೇಕಾದ ಹೈಟೆನ್ಷನ್ ಲೈನ್ ಅದಕ್ಕಿಂತ ನಿಧಾನ, ಟವರ್ ಹಾಕಲು ಜಾಗ ಸಿಗಬೇಕಲ್ಲ. ರಾಜಸ್ಥಾನದಲ್ಲಿ ಆದದ್ದು ಇದೇ. ಲೈನ್ ಇದ್ದ ಕಡೆಯೂ ಇನ್ನೊಂದು ತೊಡಕು: ಬಿಸಿಲಿನ ವಿದ್ಯುತ್ತಿಗೆ ಜಾಗ ಬಿಡಲು ಕಲ್ಲಿದ್ದಲು ಘಟಕ ತಗ್ಗಬೇಕು. ಆ ತೊಡಕಿನ ಹೆಸರು ಬಾಯ್ಲರ್.

ಬಾಯ್ಲರ್ ಎಂದರೆ ಫ್ಯಾನಿನ ರೆಗ್ಯುಲೇಟರ್ ಅಲ್ಲ. ರಾಯಚೂರಿನ ಶಕ್ತಿನಗರದ ಕಲ್ಲಿದ್ದಲು ಸ್ಥಾವರದಲ್ಲಿ 210 ಮೆಗಾವ್ಯಾಟಿನ ಘಟಕಗಳೇ ಏಳು. ಅಂಥದೊಂದನ್ನು ಮಧ್ಯಾಹ್ನಕ್ಕೆ ಶೇ 55ಕ್ಕೆ, ಅಂದರೆ 115 ಮೆಗಾವ್ಯಾಟಿಗೆ ತರಬೇಕು. ಕಲ್ಲಿದ್ದಲು ಅರೆಯುವ ಮಿಲ್‌ಗಳನ್ನು ಒಂದೊಂದಾಗಿ ನಿಲ್ಲಿಸುತ್ತಾರೆ. ಫರ್ನೇಸಿನಲ್ಲಿ ಜ್ವಾಲೆ ಸೊರಗುತ್ತದೆ. ಇನ್ನೂ ಇಳಿಸಿದರೆ ಫ್ಲೇಮ್ ಸ್ಕ್ಯಾನರ್‌ಗೆ ಬೆಂಕಿಯೇ ಕಾಣದೆ ಘಟಕ ಟ್ರಿಪ್. ಹಾಗಾಗದಿರಲಿ ಎಂದು ಆಯಿಲ್ ಗನ್ ಹಚ್ಚಿ ಫರ್ನೇಸ್ ಆಯಿಲ್ ಸುರಿಯುತ್ತಾರೆ. ಬಿಸಿಲಿನ ವಿದ್ಯುತ್ತಿಗೆ ದಾರಿ ಬಿಡಲು ಎಣ್ಣೆ ಸುಡುವುದು: ಇದಕ್ಕಿಂತ ದೊಡ್ಡ ಹಸಿರು ಸೇವೆ ಬೇಕೆ? ಪೂರ್ತಿ ಆರಿಸಿಬಿಡೋಣ ಎಂದರೆ, ತಣ್ಣಗಾದ ಘಟಕವನ್ನು ಮತ್ತೆ ಎಬ್ಬಿಸಲು ಸುಮಾರು 50 ಸಾವಿರ ಲೀಟರ್ ಎಣ್ಣೆ, ಅರ್ಧ ದಿನ. ಅಷ್ಟರಲ್ಲಿ ಸಂಜೆಯ ಬೇಡಿಕೆ ಬಂದು ಹೋಗಿರುತ್ತದೆ. 540 ಡಿಗ್ರಿ ಹಬೆ ಹರಿಯುವ ಟ್ಯೂಬುಗಳು ದಿನಾ ಹಿಗ್ಗಿ ಕುಗ್ಗಿದರೆ ವೆಲ್ಡಿಂಗ್ ಜಾಗದಲ್ಲಿ ಬಿರುಕು. ‘ಬಾಯ್ಲರ್ ಟ್ಯೂಬ್ ಲೀಕ್, ಘಟಕ ಸ್ಥಗಿತ’ ಎಂದು ಪತ್ರಿಕೆಯ ಮೂಲೆಯಲ್ಲಿ ಮೂರು ಸಾಲು ಬರುತ್ತದಲ್ಲ, ಅದರ ಹಿಂದೆ ಎಷ್ಟೋ ಸಲ ಈ ಏರಿಳಿತವೂ ಇರುತ್ತದೆ.

ಘಟಕ ನಿಂತರೂ ದುಡ್ಡು ನಿಲ್ಲುವುದಿಲ್ಲ. ವಿದ್ಯುತ್ ಖರೀದಿ ಒಪ್ಪಂದದಲ್ಲಿ ಎರಡು ದರ: ಸುಟ್ಟ ಇಂಧನಕ್ಕೊಂದು, ಸುಮ್ಮನೆ ಸಿದ್ಧವಾಗಿ ನಿಂತದ್ದಕ್ಕೊಂದು. ನೆಂಟರು ಉಂಡರೂ ಬಿಟ್ಟರೂ ಛತ್ರದ ಬಾಡಿಗೆ ಕಟ್ಟಲೇಬೇಕು.

ಇನ್ನು ಕಲ್ಲಿದ್ದಲಿನ ಪ್ರವಾಸ. ಒಂದು ರೇಕ್, ಅಂದರೆ ಒಂದು ಗೂಡ್ಸ್ ರೈಲು, ಎಂದರೆ 58 ವ್ಯಾಗನ್, ಸುಮಾರು 4,000 ಟನ್. ನಮ್ಮ ಕಲ್ಲಿದ್ದಲಿನಲ್ಲಿ ಮೂರನೇ ಒಂದು ಪಾಲಿಗೂ ಹೆಚ್ಚು ಬೂದಿ. ಅಂದರೆ ಪ್ರತಿ ರೇಕಿನಲ್ಲೂ 1,400 ಟನ್ನಿನಷ್ಟು ಶುದ್ಧ ಮಣ್ಣು ಒಡಿಶಾದ ತಾಲ್ಚೇರ್‌ನಿಂದ ಕೃಷ್ಣೆಯ ದಡದ ಶಕ್ತಿನಗರದವರೆಗೆ ಪೂರ್ತಿ ಟಿಕೆಟ್ ತೆತ್ತು ಬರುತ್ತದೆ. ಬಂದು, ಉರಿಯದೆ, ಬೂದಿ ಹೊಂಡ ಸೇರುತ್ತದೆ. ಈ ಕಲ್ಲಿದ್ದಲಿನ ಮೇಲೆ 2010ರಲ್ಲಿ ಒಂದು ಸೆಸ್ ಬಂತು, ಟನ್ನಿಗೆ 50 ರೂಪಾಯಿ, ಹೆಸರು ಶುದ್ಧ ಇಂಧನ ಸೆಸ್. 2016ರ ಹೊತ್ತಿಗೆ ಅದು 400 ಆಯಿತು. ಒಂದು ರೇಕಿಗೆ 16 ಲಕ್ಷ! ಹಸಿರು ವಿದ್ಯುತ್ತಿಗೆಂದು ಎತ್ತಿದ ಹಣ. 2017ರಲ್ಲಿ ಜಿಎಸ್‌ಟಿ ಬಂದದ್ದೇ ಆ 400 ರೂಪಾಯಿ ರಾಜ್ಯಗಳಿಗೆ ಪರಿಹಾರ ತುಂಬುವ ಸೆಸ್ ಆಗಿ ಮರುನಾಮಕರಣಗೊಂಡಿತು. ಮಗುವಿನ ಹೆಸರಲ್ಲಿ ಇಟ್ಟ ಹುಂಡಿ ಒಡೆದು ಚಿಕ್ಕಪ್ಪನ ಸಾಲ ತೀರಿಸಿದರು. 2025ರಲ್ಲಿ ಆ ಸೆಸ್ಸೂ ಹೋಯಿತು, ಬದಲಿಗೆ ಜಿಎಸ್‌ಟಿ ಶೇ 5ರಿಂದ 18ಕ್ಕೆ ಏರಿತು. ಶುದ್ಧ ಎಂಬ ಪದವನ್ನು ಹುಡುಕಿಕೊಂಡು ಹೋಗುವವರಿಗೆ ವಿಳಾಸ ಸಿಕ್ಕುವುದಿಲ್ಲ.

ತಮಾಷೆ ಸಾಕು. ಮಧ್ಯಾಹ್ನ ಹೆಚ್ಚಾಗಿ ಚೆಲ್ಲುವ ಈ ವಿದ್ಯುತ್ತಿಗೆ ನಮ್ಮಲ್ಲಿ ಗಿರಾಕಿ ಇಲ್ಲವೆ? ಲಕ್ಷಗಟ್ಟಲೆ ಪಂಪ್‌ಸೆಟ್‌ಗಳಿವೆ. ನೀರಿಗೆ ಹೊತ್ತುಗೊತ್ತಿಲ್ಲ, ಹಗಲು ಹಾಯಿಸಿದರೂ ಹಸಿಯಾಗುತ್ತದೆ. ಆದರೂ ಎಷ್ಟೋ ಊರುಗಳಲ್ಲಿ ಏಳು ತಾಸಿನ ತ್ರೀಫೇಸ್ ಕರೆಂಟನ್ನು ಒಡೆದು ಒಂದು ತುಂಡನ್ನು ನಡುರಾತ್ರಿಗೆ ಕೊಡುತ್ತಾರೆ. ರಾತ್ರಿ ಎರಡಕ್ಕೆ ಟಾರ್ಚ್ ಹಿಡಿದು ಬದುವಿನ ಮೇಲೆ ಹೋಗುವವನಿಗೆ ಹಾವು ಕಚ್ಚುತ್ತದೆ, ಒದ್ದೆ ಕೈಯಲ್ಲಿ ಸ್ಟಾರ್ಟರ್ ಮುಟ್ಟಿದವನಿಗೆ ಶಾಕ್ ಹೊಡೆಯುತ್ತದೆ. ಆ ರಾತ್ರಿ ಕರೆಂಟು ಕಲ್ಲಿದ್ದಲಿನದು. ಹಗಲಿನದು ಬೇಡವಾಗಿತ್ತು, ಇಳಿಸಿದ್ದರು. ಪಂಪ್‌ಸೆಟ್‌ಗಳ ಫೀಡರ್, ಅಂದರೆ ವಿದ್ಯುತ್ ಲೈನ್, ಬೇರ್ಪಡಿಸಿ, ಹತ್ತಿರದಲ್ಲೇ ಸೌರಘಟಕ ಕೂರಿಸಿ ಹಗಲಲ್ಲೇ ಕೊಡುವುದು ಗೊತ್ತಿಲ್ಲದ ವಿದ್ಯೆಯಲ್ಲ, ಕೇಂದ್ರ ಸರ್ಕಾರದ ಕುಸುಮ್ ಯೋಜನೆಯಲ್ಲಿ ಬರೆದೇ ಇದೆ. ಬರೆದದ್ದನ್ನು ಮಾಡಲು ಇಷ್ಟು ವರ್ಷ ಏಕೆ ಬೇಕು?

ಬದಲಿಗೆ ಶರಾವತಿ ಪಂಪ್ಡ್ ಸ್ಟೋರೇಜ್ ತೋರಿಸುತ್ತಾರೆ. 2,000 ಮೆಗಾವ್ಯಾಟ್. ಹೆಚ್ಚಿದ ವಿದ್ಯುತ್ತಿನಲ್ಲಿ ಗೇರುಸೊಪ್ಪೆಯ ನೀರನ್ನು ತಲಕಳಲೆಗೆ ಏರಿಸಿ, ಸಂಜೆ ಇಳಿಸುವುದು. ನೂರು ಯೂನಿಟ್ ಹಾಕಿದರೆ ಎಪ್ಪತ್ತೈದು, ಎಂಬತ್ತು ವಾಪಸ್. ತಂತ್ರ ಒಳ್ಳೆಯದೇ. ಜಾಗ ಮಾತ್ರ ಸಿಂಗಳೀಕಗಳ ಅಭಯಾರಣ್ಯ. ಹಸಿರನ್ನು ಶೇಖರಿಸಿಡಲು ಹಸಿರನ್ನೇ ಕಡಿಯಬೇಕಂತೆ.

ಸಂಜೆ ಆರೂವರೆ. ಪಾವಗಡದ ಸೋಲಾರ್ ಪಾರ್ಕಿನ 13,000 ಎಕರೆಯಲ್ಲಿ ಹರಡಿದ 2,050 ಮೆಗಾವ್ಯಾಟ್ ಸೊನ್ನೆಗೆ ಬಂದಿದೆ. ಶಕ್ತಿನಗರದಲ್ಲಿ ನಾಲ್ಕನೇ ಮಿಲ್ ಚಾಲೂ ಮಾಡುತ್ತಿದ್ದಾರೆ, ಐದನೆಯದಕ್ಕೆ ಒಣ ಕಲ್ಲಿದ್ದಲು ಸಿಕ್ಕಿಲ್ಲ.