ಹಳೇ ಕೇಸಿನ ವಿಷಯ ಪ್ರೀತಿಸೋರಿಗೆ ಶುರುವಲ್ಲೇ ಹೇಳ್ಬೇಕಾ? ಪರ-ವಿರೋಧ

ಪರ: ಮನಸು ಪೂರ್ತಿ ಕೊಡೋಕೆ ಮುಂಚೇನೇ ಹೇಳ್ಬೇಕು

ಶಿವಮೊಗ್ಗ ನೋಡೋಕೆ ಸಿಟಿ ಥರ ಆಗಿದೆ, ಏರ್‌ಪೋರ್ಟ್ ಬಂದಿದೆ, ಮಾಲ್ ಬಂದಿದೆ, ಆದ್ರೆ ದುರ್ಗಿಗುಡಿಲಿ ಯಾರ ಜೊತೆ ಕೂತು ಜ್ಯೂಸ್ ಕುಡಿದ್ರೂ ಸಂಜೆಯೊಳಗೆ ತೀರ್ಥಹಳ್ಳಿಲಿರೋ ಚಿಕ್ಕಪ್ಪನಿಗೆ ಗೊತ್ತಾಗುತ್ತೆ. ಇಂಥಾ ಊರಲ್ಲಿ ಒಬ್ಬ ಹುಡುಗ ಸೋಗಾನೆ ಜೈಲಲ್ಲಿ ಇದ್ದು ಬಂದೋನು ಅನ್ನೋದು ಅವನನ್ನ ಪ್ರೀತಿಸೋ ಹುಡುಗಿ ಕಿವಿಗೆ ಬೀಳದೇ ಇರುತ್ತಾ? ಬಿದ್ದೇ ಬೀಳುತ್ತೆ. ಅವನ ಬಾಯಿಂದ ಬೀಳುತ್ತಾ, ಬೇರೆಯೋರ ಬಾಯಿಂದಾನಾ, ಅದಷ್ಟೇ ಅವನ ಕೈಲಿರೋದು.

ಮೊದಲೆಲ್ಲಾ ಯಾರಾದ್ರೂ ಬಂದು ಹೇಳ್ಬೇಕಿತ್ತು, ಈಗ ಫೋನೇ ಸಾಕು. ಇ-ಕೋರ್ಟ್ಸ್ ವೆಬ್‌ಸೈಟಲ್ಲಿ ಜಿಲ್ಲೆ, ಕೋರ್ಟು, ವರ್ಷ ಆರಿಸಿ ಹೆಸರು ಹಾಕಿದ್ರೆ ಕೇಸ್ ನಂಬರು, ಯಾವ ಸೆಕ್ಷನ್ನು, ಮುಂದಿನ ಡೇಟ್ ಯಾವಾಗ ಎಲ್ಲಾ ಬರುತ್ತೆ. ಎಫ್‌ಐಆರ್‌ನ 24 ಗಂಟೆಯೊಳಗೆ ಆನ್‌ಲೈನ್ ಹಾಕ್ಬೇಕು ಅಂತ 2016ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ, ಸೂಕ್ಷ್ಮ ಕೇಸ್‌ಗಳನ್ನ ಬಿಟ್ಟು. ಹುಡುಗನ ಇನ್ಸ್ಟಾ ನೋಡೋ ಹುಡುಗೀರು ಇದನ್ನೂ ನೋಡ್ತಾರೆ, ನೋಡ್ಲೂಬೇಕು.

ನನ್ನ ದೊಡ್ಡಮ್ಮನ ಮಗಳ ಕಥೆ ಹೇಳ್ತೀನಿ. ಅವಳು ಇಷ್ಟಪಟ್ಟಿದ್ದ ಹುಡುಗ ನಿಜವಾಗ್ಲೂ ಒಳ್ಳೇವ್ನು, ಈಗ್ಲೂ ಹಾಗೇ ಹೇಳ್ತೀನಿ. ಕಾಲೇಜಲ್ಲಿದ್ದಾಗ ಯಾವುದೋ ಹೊಡೆದಾಟದಲ್ಲಿ ಸಿಕ್ಕಿಹಾಕ್ಕೊಂಡು ಅವನ ಮೇಲೆ ರೌಡಿ ಶೀಟ್ ಓಪನ್ ಆಗಿತ್ತು, ಅದು ಇವಳಿಗೆ ಗೊತ್ತಿಲ್ಲ. ಗಣಪತಿ ಹಬ್ಬದ ಟೈಮಲ್ಲಿ ನಮ್ಮಲ್ಲಿ ಪೊಲೀಸ್ನೋರು ಶೀಟ್ ಇರೋರನ್ನೆಲ್ಲಾ ಕರೆಸಿ ಪರೇಡ್ ಮಾಡ್ಸಿ ವಾರ್ನಿಂಗ್ ಕೊಟ್ಟು ಕಳಿಸ್ತಾರಲ್ಲ, ಪ್ರತೀ ಸಲ ಆವಾಗ ಅವ್ನು ಬೆಂಗ್ಳೂರಲ್ಲಿ ಕೆಲಸ ಇದೆ ಅಂತ ಹೇಳೋನು. ಒಂದ್ಸಲ ಆ ಪರೇಡ್ ವಿಡಿಯೋ ವಾಟ್ಸಾಪಲ್ಲಿ ಓಡಾಡ್ತು, ಇವಳ ಫ್ಯಾಮಿಲಿ ಗ್ರೂಪಿಗೇ ಬಂತು. ಸಾಲಾಗಿ ನಿಲ್ಲಿಸಿದ್ದಾರೆ, ಎಲ್ಲರೂ ತಲೆ ತಗ್ಗಿಸಿದ್ದಾರೆ, ಸಾಹೇಬ್ರು ಒಬ್ಬೊಬ್ಬರ ಹತ್ರ ಬಂದು ಈಗೇನು ಕೆಲಸ ಮಾಡ್ತೀಯ ಅಂತ ಕೇಳ್ತಾರೆ, ಇವ್ನು ತಲೆ ಎತ್ತಿ "ಗ್ಯಾರೇಜ್ ಸರ್" ಅಂತಾನೆ. ಆ ಎರಡು ಮಾತು ಕೇಳೋಕೆ ವಿಡಿಯೋನ ಎಷ್ಟು ಸಲ ಹಿಂದೆ ಹಾಕಿದ್ಲೋ ದೇವ್ರಿಗೇ ಗೊತ್ತು. ನನ್ನ ಹತ್ರ ಬಂದು ಅತ್ತಾಗ ಅವಳು ಕೇಸಿನ ಸುದ್ದೀನೇ ತೆಗೀಲಿಲ್ಲ. "ಅಕ್ಕಾ, ಬೆಂಗ್ಳೂರಿಗೆ ಅಂದಾಗೆಲ್ಲಾ ದಾರಿಗೆ ಬೇಕಾಗುತ್ತೆ ಅಂತ ರೊಟ್ಟಿ ಚಟ್ನಿ ಕಟ್ಟಿ ಕೊಟ್ಟಿದ್ನಲ್ಲೇ" ಅಂದ್ಲು.

ನಾನು ಪರ ನಿಂತಿರೋದು ಇದಕ್ಕೇನೇ. ಹೊಡೆದಾಟದ ಕೇಸನ್ನ ಅವಳು ನುಂಗ್ಕೋತಿದ್ಲು ಅಂತ ನನಗೆ ಗ್ಯಾರಂಟಿ ಇದೆ, ಆದ್ರೆ ಒಂದು ವಿಷಯ ಮುಚ್ಚಿಡೋಕೆ ಹತ್ತು ಸುಳ್ಳು ಹೇಳ್ಬೇಕಾಯ್ತು, ಆ ಹತ್ತರಲ್ಲಿ ಇವಳ ಪ್ರೀತಿನೂ ಸೇರ್ಕೊಂಡು ಬಿಡ್ತು. ಶುರುವಲ್ಲೇ ಹೇಳಿದ್ರೆ ಏನಾಗ್ತಿತ್ತು? ಒಂದು ವಾರ ಮಾತು ಬಿಡ್ತಿದ್ಲು, ಅಥವಾ ಪೂರ್ತಿ ಬಿಟ್ಟೇ ಬಿಡ್ತಿದ್ಲು. ಬಿಡೋದು ಅವಳ ಹಕ್ಕು ಕಣ್ರೀ. ಯಾರ ಜೊತೆ ಬದುಕ್ತೀನಿ ಅನ್ನೋದನ್ನ ಪೂರ್ತಿ ವಿಷಯ ಗೊತ್ತಿದ್ದು ತೀರ್ಮಾನ ಮಾಡೋದು ಬೇರೆ, ವರ್ಷಗಟ್ಟಲೆ ಜೊತೇಲಿದ್ದು ಮನೇಲಿ ಜಗಳ ಮಾಡ್ಕೊಂಡು ಬಂದ ಗಂಡುಗಳನ್ನೆಲ್ಲಾ ಬೇಡ ಅಂದ ಮೇಲೆ ಗೊತ್ತಾಗೋದು ಬೇರೆ.

ಕಾನೂನೂ ಇದನ್ನ ಸಣ್ಣ ವಿಷಯ ಅಂತ ನೋಡಲ್ಲ. ಹಿಂದೂ ವಿವಾಹ ಕಾಯ್ದೆ 1955ರ 12ನೇ ಸೆಕ್ಷನ್ ಪ್ರಕಾರ ಮುಖ್ಯವಾದ ಸಂಗತಿ ಬಗ್ಗೆ ಮೋಸ ಮಾಡಿ ಒಪ್ಪಿಗೆ ತಗೊಂಡಿದ್ರೆ ಮದುವೆ ರದ್ದು ಮಾಡಿ ಅಂತ ಕೋರ್ಟಿಗೆ ಹೋಗ್ಬಹುದು, ಮೋಸ ಗೊತ್ತಾಗಿ ಒಂದು ವರ್ಷದೊಳಗೆ. ಆದ್ರೆ ಈ ಸೆಕ್ಷನ್ ಕೆಲಸಕ್ಕೆ ಬರೋದು ತಾಳಿ ಕಟ್ಟಿದ ಮೇಲೆ, ಅಷ್ಟೊತ್ತಿಗೆ ಹುಡುಗಿ ಕಳ್ಕೊಂಡಿರೋದನ್ನ ಯಾವ ಕೋರ್ಟೂ ವಾಪಸ್ ಕೊಡಲ್ಲ.

ಇನ್ನು ಸೇಫ್ಟಿ. ಹಳೇ ಹೆಂಡ್ತಿಗೆ ಹೊಡೆದ ಕೇಸು, ಹೆಣ್ಣುಮಕ್ಕಳ ಮೈಮೇಲೆ ಕೈ ಹಾಕಿದ ಕೇಸು ಇದ್ದೋನ ಬೈಕ್ ಹತ್ತಿ ಆಗುಂಬೆ ಕಡೆ ಹೋಗೋ ಮುಂಚೆ ಅವಳಿಗೆ ಅದು ಗೊತ್ತಿರ್ಬೇಕು. ಇದರಲ್ಲಿ ನನಗೆ ಚರ್ಚೆನೇ ಬೇಡ.

ಹೇಳೋನಿಗೂ ಒಂದು ಮಾತು. ಎಫ್‌ಐಆರ್ ಆಗಿದ್ದಷ್ಟೇನಾ, ಚಾರ್ಜ್‌ಶೀಟ್ ಬಿತ್ತಾ, ಶಿಕ್ಷೆ ಆಯ್ತಾ, ಖುಲಾಸೆ ಆಯ್ತಾ, ಇವೆಲ್ಲಾ ಬೇರೆಬೇರೆ. ಊರೋರು ಹೇಳಿದ್ರೆ "ಜೈಲಿಗೆ ಹೋಗ್ಬಂದೋನು" ಅಂತ ಒಂದೇ ಮಾತಲ್ಲಿ ಮುಗಿಸ್ತಾರೆ. ನೀನೇ ಹೇಳಿದ್ರೆ ಏನಾಯ್ತು, ಯಾರ ತಪ್ಪು ಎಷ್ಟು, ಆಮೇಲೆ ಏನು ಮಾಡ್ದೆ ಅಂತ ಕ್ರಮವಾಗಿ ಹೇಳ್ಬಹುದು, ಅವಳು ಪ್ರಶ್ನೆ ಕೇಳಿದ್ರೆ ಅಲ್ಲೇ ಉತ್ತರ ಕೊಡ್ಬಹುದು.

ವಿರೋಧ: ಹೇಳ್ಲಿ, ಆದ್ರೆ ಶುರುವಲ್ಲೇ ಅಲ್ಲ

ನನ್ನ ತಮ್ಮ ಸೋಗಾನೇಲಿ ವಿಚಾರಣಾಧೀನ ಕೈದಿಯಾಗಿದ್ದ. ಆಮೇಲೆ ಕೋರ್ಟು ಅವನನ್ನ ಖುಲಾಸೆ ಮಾಡ್ತು. ಅರೆಸ್ಟ್ ಆದಾಗ ಹೆಸರು, ಊರು, ಅಪ್ಪನ ಹೆಸರು ಸಮೇತ ಪೇಪರಲ್ಲಿ ಬಂದಿತ್ತು, ಖುಲಾಸೆ ಆಗಿದ್ದು ಯಾವ ಪೇಪರಲ್ಲೂ ಬರ್ಲಿಲ್ಲ. ನಮ್ಮ ದೇಶದ ಜೈಲುಗಳಲ್ಲಿ ಇರೋರಲ್ಲಿ ಹತ್ತಿರ ಹತ್ತಿರ ನಾಲ್ಕರಲ್ಲಿ ಮೂರು ಪಾಲು ಜನ ಇನ್ನೂ ವಿಚಾರಣೆ ಮುಗೀದೇ ಇರೋರು, ಅಂದ್ರೆ ತಪ್ಪು ಮಾಡಿದ್ದಾರೆ ಅಂತ ಯಾವ ಜಡ್ಜೂ ಇನ್ನೂ ಹೇಳದೇ ಇರೋರು. "ಜೈಲಲ್ಲಿದ್ದ" ಅನ್ನೋ ಮಾತು ಕೇಳಿದಾಗ ಇದು ಯಾರ ತಲೆಗೂ ಬರಲ್ಲ.

ತಮ್ಮ ಒಬ್ಬಳನ್ನ ಇಷ್ಟಪಟ್ಟ. ಪರಿಚಯ ಆಗಿ ಸ್ವಲ್ಪ ದಿನಕ್ಕೇ ಗಾಜನೂರು ಡ್ಯಾಮ್ ಹತ್ರ ಕೂತು ಎಲ್ಲಾ ಹೇಳ್ಬಿಟ್ಟ, ಮುಚ್ಚುಮರೆ ಇಟ್ಕೋಬಾರದು ಅಂತ. ಆ ಹುಡುಗಿ ಕೆಟ್ಟೋಳಲ್ಲ, ಅವ್ನ ಮುಂದೆ ಏನೂ ಅನ್ಲಿಲ್ಲ. ಹೆದರಿಕೆ ಆಯ್ತು, ಪಿಜಿ ರೂಮ್‌ಮೇಟ್ ಹತ್ರ ಹೇಳ್ಕೊಂಡ್ಲು. ರೂಮ್‌ಮೇಟ್ ತನ್ನ ಅಣ್ಣನ ಹತ್ರ ವಿಚಾರಿಸಿದ್ಲು, ಆ ಅಣ್ಣ ಅಡಿಕೆ ಮಂಡಿಲಿ ಯಾರನ್ನೋ ಕೇಳ್ದ. ತಮ್ಮ ಅದೇ ಮಂಡಿಲಿ ಲೆಕ್ಕ ಬರೀತಿದ್ದ. ಸೀಸನ್ ಮುಗೀಲಿ ಆಮೇಲೆ ನೋಡೋಣ ಅಂತ ಯಜಮಾನ್ರು ಕಳಿಸಿದ್ರು, ಸೀಸನ್ ಮುಗಿದ್ಮೇಲೆ ಫೋನ್ ಎತ್ಲಿಲ್ಲ. ಹುಡುಗಿನೂ ಹೋದ್ಲು, ಕೆಲಸಾನೂ ಹೋಯ್ತು, ಯಾರೂ ಅವ್ನಿಗೆ ಕೆಟ್ಟದ್ದು ಮಾಡ್ಬೇಕು ಅಂತ ಮಾಡಿದ್ದಲ್ಲ.

ಊರಲ್ಲಿ ಹೇಗೂ ಗೊತ್ತಾಗುತ್ತೆ ಅದಕ್ಕೇ ಮೊದ್ಲೇ ಹೇಳ್ಬಿಡಿ ಅನ್ನೋ ವಾದ ಇದೆಯಲ್ಲ, ನಾನು ಅದೇ ಕಾರಣಕ್ಕೆ ಸ್ವಲ್ಪ ಕಾಯಿರಿ ಅಂತೀನಿ. ಇಲ್ಲಿ ಒಬ್ಬರಿಗೆ ಹೇಳಿದ್ರೆ ಎಲ್ಲರಿಗೂ ಹೇಳಿದ ಹಾಗೆ. ಹೊಸದಾಗಿ ಪರಿಚಯ ಆದ ಹುಡುಗಿ ನಾಳೆ ನಿನ್ನ ಜೊತೆ ಇರ್ತಾಳೋ ಇಲ್ಲವೋ ಅನ್ನೋದೇ ಗೊತ್ತಿಲ್ಲ, ಅವಳು ಹೋದ್ರೂ ನೀನು ಹೇಳಿದ್ದು ಊರಲ್ಲೇ ಉಳಿಯುತ್ತೆ.

ಕಾನೂನಿನ ಮಾತು ಬಂತು ಅಂತ ನಾನೂ ಹೇಳ್ತೀನಿ. ಬಾಲನ್ಯಾಯ ಕಾಯ್ದೆ 2015ರಲ್ಲಿ, 18 ತುಂಬದ ವಯಸ್ಸಲ್ಲಿ ಮಾಡಿದ ತಪ್ಪಿನ ಕಳಂಕ ಮುಂದಕ್ಕೆ ಅಂಟಬಾರದು ಅಂತ ಇದೆ, 16 ದಾಟಿ ಘೋರ ಅಪರಾಧ ಮಾಡಿ ದೊಡ್ಡೋರ ಥರ ವಿಚಾರಣೆ ಆದೋರನ್ನ ಬಿಟ್ಟು. ಕೇಸ್ ಮುಗಿದಿದ್ರೆ ಕ್ಯಾರೆಕ್ಟರ್ ಸರ್ಟಿಫಿಕೇಟಿಗೂ ಪೊಲೀಸ್ನೋರು ಆ ದಾಖಲೆ ಕೊಡೋ ಹಾಗಿಲ್ಲ. ಪೊಲೀಸ್ನೋರೇ ಬಾಯಿ ಬಿಡಬಾರದ ವಿಷಯಾನ ಹುಡುಗ ಮೊದಲನೇ ಕಾಫಿಗೇ ಬಿಚ್ಚಿಡ್ಬೇಕಾ? ಸರ್ಕಾರಿ ಕೆಲಸಕ್ಕೆ ಅರ್ಜಿ ಹಾಕೋರ ವಿಷಯದಲ್ಲಿ 2016ರಲ್ಲಿ ಸುಪ್ರೀಂ ಕೋರ್ಟ್ ಅವತಾರ್ ಸಿಂಗ್ ಕೇಸಲ್ಲಿ ಒಂದು ಒಳ್ಳೇ ಗೆರೆ ಎಳೆದಿದೆ. ಕೇಳಿದ್ದಕ್ಕೆ ಸುಳ್ಳು ಬರೀಬಾರದು, ಆದ್ರೆ ಫಾರಂನಲ್ಲಿ ಸ್ಪಷ್ಟವಾಗಿ ಕೇಳದೇ ಇರೋದನ್ನ ಹೇಳ್ಲಿಲ್ಲ ಅಂದ್ರೆ ಅದು ಮುಚ್ಚಿಟ್ಟ ಹಾಗಲ್ಲ, ಚಿಕ್ಕ ವಯಸ್ಸಲ್ಲಿ ಘೋಷಣೆ ಕೂಗಿದಂಥ ಸಣ್ಣ ಕೇಸನ್ನ ಮುಚ್ಚಿಟ್ಟಿದ್ರೂ ಮನ್ನಿಸ್ಬಹುದು ಅಂತ. ಪ್ರೀತೀಲೂ ನನಗೆ ಅದೇ ಗೆರೆ ಸರಿ ಅನ್ಸುತ್ತೆ. ಬೆಂಗ್ಳೂರಿಗೆ ಹೋಗ್ತೀನಿ ಅಂತ ಸುಳ್ಳು ಹೇಳಿದ ಹುಡುಗನ ಪರ ನಾನಿಲ್ಲ.

ಇನ್ನೊಂದು ಹೊಟ್ಟೆ ಉರಿಯೋ ವಿಷಯ. ಮಲೆನಾಡಲ್ಲಿ ಕೇಸಿಲ್ಲದ ಮನೆ ಎಷ್ಟಿವೆ? ಒತ್ತುವರಿ ಅಂತ ಅರಣ್ಯ ಇಲಾಖೆ ಕೇಸು, ಭೂಕಬಳಿಕೆ ಅಂತ ಬೆಂಗ್ಳೂರಿನ ವಿಶೇಷ ಕೋರ್ಟಿಗೆ ಅಲೆದ ಅಜ್ಜಂದಿರು, ಹಂದಿ ಹೊಡೆದ ಕೇಸು, ಓಸಿ ಅಂದ್ರೆ ಮಟ್ಕಾ ಜೂಜಿನ ಕೇಸು, ಇಸ್ಪೀಟಿನ ಕೇಸು. ಸಂಬಂಧ ಮಾತಾಡೋವಾಗ ಎಷ್ಟು ಎಕರೆ ತೋಟ ಅಂತ ಕೇಳ್ತಾರೆ, ಅದ್ರಲ್ಲಿ ಎಷ್ಟು ಗುಂಟೆ ಮೇಲೆ ಕೇಸಿದೆ ಅಂತ ಗಂಡಿನ ಕಡೆಯೋರು ತಾವಾಗೇ ಹೇಳಿದ್ದನ್ನ ನಾನಂತೂ ಕೇಳಿಲ್ಲ. ತೋಟ ಇರೋರ ಕೇಸು ಕೇಸೇ ಅಲ್ಲ, ಸಂಬಳಕ್ಕೆ ದುಡಿಯೋ ಹುಡುಗ ಮಾತ್ರ ಶುರುವಲ್ಲೇ ಪ್ರಾಮಾಣಿಕ ಆಗ್ಬೇಕು.

ಹೆಣ್ಣುಮಕ್ಕಳ ಮೇಲೆ, ಮಕ್ಕಳ ಮೇಲೆ ಕೈ ಮಾಡಿ ಶಿಕ್ಷೆ ಆದೋನು ಮೊದಲ ದಿನಾನೇ ಹೇಳ್ಬೇಕು, ಕೇಸ್ ಇನ್ನೂ ನಡೀತಿರೋನೂ ಬೇಗ ಹೇಳ್ಬೇಕು, ಯಾಕಂದ್ರೆ ವಾಯಿದೆಗೆ ಅಲೆಯೋದು, ಲಾಯರ್ ಫೀಸು, ಎಲ್ಲಾ ಅವಳ ತಲೆ ಮೇಲೂ ಬರುತ್ತೆ. ನಾನು ಮಾತಾಡ್ತಿರೋದು ಮುಗಿದುಹೋದ ಕೇಸಿನ ಬಗ್ಗೆ.

ತಮ್ಮ ಈಗ ಭದ್ರಾವತಿಲಿ ಕೆಲಸ ಮಾಡ್ತಿದ್ದಾನೆ, ಅಲ್ಲೊಬ್ಬಳು ಪರಿಚಯ ಆಗಿದ್ದಾಳೆ. ಮೊನ್ನೆ ಮನೆಗೆ ಬಂದೋನು "ಅಣ್ಣಾ, ಹೇಳ್ಬಿಡ್ಲಾ" ಅಂದ. ಅವಳೇ ಕೇಳಿದ್ರೆ ಒಂದಕ್ಷರ ಸುಳ್ಳು ಹೇಳ್ಬೇಡ ಅಂದೆ. ಕೇಳ್ಲಿಲ್ಲ ಅಂದ್ರೆ ಈ ಮಳೆಗಾಲ ಕಳೀಲಿ, ಅವಳು ನಿನ್ನ ಸಿಟ್ಟು ನೋಡ್ಲಿ, ನೀನು ದುಡ್ಡು ಹೇಗೆ ಖರ್ಚು ಮಾಡ್ತೀಯ ನೋಡ್ಲಿ, ನೀನೂ ಅವಳಿಗೆ ಹೇಳಿದ ಮಾತು ಅವಳ ಹತ್ರಾನೇ ಉಳಿಯುತ್ತಾ ನೋಡು. ಎರಡೂ ಮನೇಲಿ ವಿಷಯ ತೆಗೆಯೋಕೆ ಮುಂಚೆ ಕೂತು ಹೇಳು. ಖುಲಾಸೆ ಆದೇಶದ ಕಾಪಿ ಅಮ್ಮನ ಟ್ರಂಕಲ್ಲಿ ಪಹಣಿ ಜೊತೆ ಇದೆ, ಅದನ್ನ ತಗೊಂಡ್ಹೋಗು, ಅವಳು ಪೂರ್ತಿ ಓದ್ಲಿ.